ಮಣಿ ಆಮೇಲೆ, ಮೊದಲು ತೂತು ನೋಡಿ

ಪ್ರಶ್ನೆ: ನಮ್ಮ ಅಜ್ಜಿಯದೊಂದು ಹವಳ-ಮುತ್ತಿನ ಸರ ಇದೆ. ಒಂದು ಹವಳ, ಒಂದು ಮುತ್ತು, ಅಲ್ಲಲ್ಲಿ ಚಿನ್ನದ ಗುಂಡು. ಹೋದ ತಿಂಗಳು ಮದುವೆಮನೆಯಲ್ಲಿ ದಾರ ಹರಿದು ಎಲ್ಲ ಚೆಲ್ಲಿಹೋಯಿತು. ಸುಮಾರು ಎಂಬತ್ತು ಮಣಿ ಸಿಕ್ಕವು, ಎಂಟು ಹವಳ ಸಿಗಲೇ ಇಲ್ಲ. ಆನ್‌ಲೈನ್‌ನಲ್ಲಿ ಅದೇ ಬಣ್ಣದ ‘ಒರಿಜಿನಲ್ ಹವಳ’ ತರಿಸಿದೆ. ಬೆವರಿಗೆ ಬಣ್ಣ ಬಿಟ್ಟು ಬ್ಲೌಸ್‌ನ ಕತ್ತು ಕೆಂಪಾಯಿತು. ಅಜ್ಜಿಯ ಮಣಿಗಳಾದರೂ ಅಸಲಿಯೋ ಅಲ್ಲವೋ, ಹೇಗೆ ತಿಳಿಯುವುದು? ಯಾವ ದಾರದಲ್ಲಿ ಪೋಣಿಸಲಿ? ಈ ನೆಪದಲ್ಲಿ ಕಲ್ಲಿನ ಮಣಿಯ ಸರ ಮಾಡಿ ಮಾರುವ ಆಸೆಯೂ ಹುಟ್ಟಿದೆ. ಯಾವ ಕಲ್ಲಿನಿಂದ ಶುರು ಮಾಡಲಿ? – ಉಡುಪಿ ಕಡೆಯ ಓದುಗರು

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ಮೂರಕ್ಕೂ ಉತ್ತರ ಒಂದೇ ಜಾಗದಲ್ಲಿದೆ, ಮಣಿಯ ತೂತಿನಲ್ಲಿ. ಮಣಿಯ ಮೈಗೆ ಮೆರುಗು ಕೊಡುತ್ತಾರೆ, ಬಣ್ಣ ಹಾಕುತ್ತಾರೆ, ಮೇಣ ತಿಕ್ಕುತ್ತಾರೆ. ತೂತಿನ ಒಳಗೆ ಯಾರೂ ಅಷ್ಟು ಶ್ರಮ ಪಡುವುದಿಲ್ಲ. ಹಾಗಾಗಿ ಕಲ್ಲು ಏನು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ, ಯಾವ ದಾರ ಬೇಕು ಅನ್ನುವುದೂ ಅಲ್ಲೇ ತೀರ್ಮಾನ ಆಗುತ್ತದೆ. ಸರ ಹರಿಯುವುದೂ ಹೆಚ್ಚಾಗಿ ಅಲ್ಲಿಂದಲೇ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಒಂದನ್ನು ತಗೊಳ್ಳಿ. ಆಭರಣ ಕೆಲಸದವರು ಕಣ್ಣಿಗೆ ಒತ್ತಿ ಹಿಡಿಯುತ್ತಾರಲ್ಲ, ಅದೇ. ಜೊತೆಗೆ ಮೊಬೈಲಿನ ಟಾರ್ಚ್ ಇದ್ದರೆ ಸಾಕು.

ಮೊದಲು ಅಜ್ಜಿಯ ಸರದ ಹಳೆಯ ದಾರ. ಬಿಸಾಡಿಲ್ಲ ತಾನೆ? ಅದನ್ನು ಬಿಳಿ ಹಾಳೆಯ ಮೇಲಿಟ್ಟು ಎಲ್ಲಿ ಹರಿದಿದೆ ನೋಡಿ. ತುದಿ ನಾರುನಾರಾಗಿ ತೆಳ್ಳಗಾಗಿ ಹರಿದಿದ್ದರೆ ದಾರ ಹಳೆಯದಾಗಿ ಸತ್ತಿದೆ ಅಂತ. ತುದಿ ಬ್ಲೇಡಿನಿಂದ ಕುಯ್ದಂತೆ ಇದ್ದರೆ ಪಕ್ಕದಲ್ಲಿದ್ದ ಯಾವುದೋ ಮಣಿ ಅದನ್ನು ಕುಯ್ದಿದೆ. ನಿಮ್ಮ ಸರದಲ್ಲಿ ನನಗೆ ಅನುಮಾನ ಚಿನ್ನದ ಗುಂಡಿನ ಮೇಲೆ. ಒಳಗೆ ಟೊಳ್ಳಿರುವ ಗುಂಡಿನ ಬಾಯಿ ತೆಳುವಾದ ತಗಡು. ಅದರ ಅಂಚು ಒಳಕ್ಕೆ ಮಡಚಿರದಿದ್ದರೆ ಅದೇ ಒಂದು ಚಾಕು. ಹೊಸ ದಾರ ಹಾಕುವ ಮುಂಚೆ ಪ್ರತಿ ಗುಂಡಿನ ಬಾಯನ್ನೂ ಅಕ್ಕಸಾಲಿಗರ ಹತ್ತಿರ ನಯ ಮಾಡಿಸಿ. ಇದು ಆಗದೆ ಎಷ್ಟೇ ಒಳ್ಳೆಯ ರೇಷ್ಮೆ ಹಾಕಿದರೂ ಮತ್ತೆ ಅಲ್ಲೇ ಹರಿಯುತ್ತದೆ.

ಈಗ ಆನ್‌ಲೈನ್ ಹವಳದ ವಿಷಯ. ಅದು ಪ್ಲಾಸ್ಟಿಕ್ ಇರಬಹುದು, ಗಾಜು ಇರಬಹುದು. ಆದರೆ ಬೆವರಿಗೆ ಬಣ್ಣ ಬಿಡುವುದು ಅಂದರೆ ಹೆಚ್ಚಾಗಿ ಅದು ಬಣ್ಣ ಹಾಕಿದ ಬಿದಿರು ಹವಳ. ಸಮುದ್ರದಲ್ಲಿ ಬಿದಿರಿನ ಹಾಗೆ ಗಿಣ್ಣುಗಿಣ್ಣಾಗಿ ಬೆಳೆಯುವ ಒಂದು ಹವಳ ಜಾತಿ ಇದೆ. ಸಹಜ ಬಣ್ಣ ಬಿಳಿ, ಕೆನೆ, ಕಂದು. ಅದನ್ನು ಮಣಿ ಮಾಡಿ ಕೆಂಪು ಬಣ್ಣದಲ್ಲಿ ಅದ್ದುತ್ತಾರೆ. ಮಾರುವವರು ‘ನ್ಯಾಚುರಲ್ ಕೋರಲ್’ ಅಂದರೆ ತಾಂತ್ರಿಕವಾಗಿ ಪೂರ್ತಿ ಸುಳ್ಳೂ ಅಲ್ಲ, ಅದೇ ಅವರ ಜಾಣತನ. ಲೂಪ್‌ನಲ್ಲಿ ತೂತಿನ ಬಾಯಿ ನೋಡಿ. ಬಣ್ಣ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಸಣ್ಣ ಬಿರುಕುಗಳಲ್ಲಿ ಗೆರೆಗೆರೆಯಾಗಿ ಇಳಿದಿರುತ್ತದೆ. ಒಳಗೆ ಟಾರ್ಚ್ ಬಿಟ್ಟರೆ ಕೆಲವು ಸಲ ಬಿಳಿ ತಿರುಳೇ ಕಾಣುತ್ತದೆ. ಇನ್ನೂ ಅನುಮಾನವಿದ್ದರೆ ಹತ್ತಿಯ ಬಡ್ಸ್‌ಗೆ ಒಂದು ತೊಟ್ಟು ಅಸಿಟೋನ್, ಅಂದರೆ ಉಗುರುಬಣ್ಣ ತೆಗೆಯುವ ದ್ರವ, ಹಾಕಿ ತೂತಿನ ಪಕ್ಕ ಒರೆಸಿ. ಹತ್ತಿ ಗುಲಾಬಿಯಾದರೆ ವಿಷಯ ಮುಗಿಯಿತು. ಈ ಪರೀಕ್ಷೆ ಆನ್‌ಲೈನ್ ಮಣಿಗೆ ಮಾತ್ರ. ಅಜ್ಜಿಯ ಮುತ್ತಿನ ಹತ್ತಿರ ಅಸಿಟೋನ್ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡಿ.

ಅಸಲಿ ಕೆಂಪು ಹವಳ ಬೇರೆಯೇ ಜೀವಿ. ಶತಮಾನಗಳಿಂದ ಮೆಡಿಟರೇನಿಯನ್ ಸಮುದ್ರದಿಂದ ಬರುತ್ತಿದೆ. ಇಟಲಿಯ ನೇಪಲ್ಸ್ ಪಕ್ಕದ ತೊರ್ರೆ ದೆಲ್ ಗ್ರೆಕೊ ಅನ್ನುವ ಊರು ಇವತ್ತಿಗೂ ಹವಳ ಕೆತ್ತುವ ಕೆಲಸಕ್ಕೆ ಹೆಸರುವಾಸಿ. ಜಪಾನ್ ಕಡೆಯಿಂದಲೂ ಕಡುಗೆಂಪು ಹವಳ ಬರುತ್ತದೆ. ಅದರಲ್ಲಿ ಹೆಚ್ಚಾಗಿ ನಡುವೆ ಒಂದು ಬಿಳಿ ಎಳೆ ಇರುತ್ತದೆ. ಮೆಡಿಟರೇನಿಯನ್ ಹವಳ ಒಳಗೂ ಹೊರಗೂ ಒಂದೇ ಕೆಂಪು. ಅಜ್ಜಿಯ ಹವಳದ ಮೈಯನ್ನು ಲೂಪ್‌ನಲ್ಲಿ ಓರೆ ಬೆಳಕಿಗೆ ಹಿಡಿದರೆ ಕೂದಲಿಗಿಂತ ತೆಳ್ಳನೆಯ ಸಮಾನಾಂತರ ಗೆರೆಗಳು ಕಾಣಬೇಕು. ಕೊಂಬೆ ಬೆಳೆದ ದಿಕ್ಕಿನಲ್ಲೇ ಅವು ಓಡುತ್ತವೆ. ಗಾಜಿನಲ್ಲಿ, ಪ್ಲಾಸ್ಟಿಕ್‌ನಲ್ಲಿ ಇವು ಇರುವುದಿಲ್ಲ. ಅಲ್ಲಲ್ಲಿ ಸೂಜಿಮೊನೆಯಷ್ಟು ಗುಂಡಿ, ಬಣ್ಣದಲ್ಲಿ ಮಣಿಯಿಂದ ಮಣಿಗೆ ಸ್ವಲ್ಪ ವ್ಯತ್ಯಾಸ, ಇವೆಲ್ಲ ಒಳ್ಳೆಯ ಲಕ್ಷಣ. ಎಲ್ಲ ಹವಳವೂ ಅಚ್ಚು ಒತ್ತಿದ ಹಾಗೆ ಒಂದೇ ಕೆಂಪಾಗಿದ್ದರೆ ಆಗ ಅನುಮಾನ ಪಡಿ.

ನಿಂಬೆಹಣ್ಣಿನ ಪರೀಕ್ಷೆ ಮಾಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಹವಳವೂ ಮುತ್ತೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ನೊರೆ ಬರುವುದು ನಿಜ. ಆದರೆ ಆ ನೊರೆ ನಿಮ್ಮ ಮಣಿಯೇ ಕರಗುತ್ತಿರುವ ಗುರುತು. ಅದೂ ಅಲ್ಲದೆ ಬಣ್ಣ ಹಾಕಿದ ಬಿದಿರು ಹವಳವೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಕಪ್ಪೆಚಿಪ್ಪಿನಿಂದ ಮಾಡಿದ ಮಣಿಯೂ ಅದೇ. ಎಲ್ಲದರಲ್ಲೂ ನೊರೆ ಬರುತ್ತದೆ. ಅಸಲಿ ಮಣಿಯ ಹೊಳಪು ಕಳೆದುಕೊಂಡು ನಿಮಗೆ ಸಿಗುವ ಮಾಹಿತಿ ಸೊನ್ನೆ.

ಇನ್ನೊಂದು ಮಾತು. ನಿಮ್ಮ ಊರಿನಿಂದ ಮುರುಡೇಶ್ವರ ದೂರವಲ್ಲ. ಅಲ್ಲಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಲಕ್ಷದ್ವೀಪದಲ್ಲಂತೂ ಬೇಕಾದಷ್ಟಿದೆ. ಆದರೆ ಅದು ದಿಬ್ಬ ಕಟ್ಟುವ ಹವಳ, ಆಭರಣದ ಹವಳ ಅಲ್ಲ. ಅಂಥ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ‘ನಮ್ಮ ಸಮುದ್ರದ್ದೇ, ನಾನೇ ತಂದದ್ದು’ ಅಂತ ಯಾರಾದರೂ ಮಾರಲು ಬಂದರೆ ಮುಟ್ಟಲು ಹೋಗಬೇಡಿ.

ಮುತ್ತಿಗೆ ಬರೋಣ. ಹಲ್ಲಿಗೆ ಉಜ್ಜುವ ಪರೀಕ್ಷೆ ನೀವು ಕೇಳಿರುತ್ತೀರಿ. ಅದು ನಿಜಕ್ಕೂ ಕೆಲಸ ಮಾಡುತ್ತದೆ. ಮುಂದಿನ ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿದರೆ ಅಸಲಿ ಮುತ್ತು ಸಣ್ಣ ಮರಳಿನ ಹಾಗೆ ತರಿತರಿ ಅನ್ನಿಸುತ್ತದೆ, ನಕಲಿ ನುಣ್ಣಗೆ ಜಾರುತ್ತದೆ. ಎರಡು ಮುತ್ತನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿದರೂ ಇದೇ ಗೊತ್ತಾಗುತ್ತದೆ. ಆದರೆ ಇಲ್ಲಿ ‘ಅಸಲಿ’ ಅಂದರೆ ಮುತ್ತಿನ ಪದರ ಇದೆ ಅಂತ ಅಷ್ಟೇ. ಅದು ತಾನಾಗಿ ಹುಟ್ಟಿದ್ದೋ ಸಾಕಿ ಬೆಳೆಸಿದ್ದೋ ಅನ್ನುವುದನ್ನು ಹಲ್ಲು ಹೇಳುವುದಿಲ್ಲ.

ಅದಕ್ಕೆ ಮತ್ತೆ ತೂತಿಗೇ ಹೋಗಬೇಕು. ನಕಲಿ ಮುತ್ತಿನ ತೂತಿನ ಬಾಯಲ್ಲಿ ಲೇಪ ಸಿಪ್ಪೆಯ ಹಾಗೆ ಎದ್ದಿರುತ್ತದೆ, ಕೆಳಗೆ ಗಾಜೋ ಪ್ಲಾಸ್ಟಿಕ್ಕೋ ಮಿಣುಗುತ್ತದೆ. ಸಾಕಿದ ಸಮುದ್ರ ಮುತ್ತಿನಲ್ಲಿ ತೂತಿನ ಒಳಗೆ, ಅಂಚಿನಿಂದ ಸ್ವಲ್ಪ ಕೆಳಗೆ, ಉಂಗುರದ ಹಾಗೆ ಒಂದು ಗೆರೆ ಕಾಣುತ್ತದೆ. ಚಿಪ್ಪಿನಿಂದ ಮಾಡಿದ ಗುಂಡೊಂದನ್ನು ಮುತ್ತಿನ ಸಿಂಪಿಯೊಳಗೆ ಇಡುತ್ತಾರೆ, ಅದರ ಸುತ್ತ ಸಿಂಪಿ ಪದರ ಕಟ್ಟುತ್ತದೆ. ಆ ಗೆರೆ ಗುಂಡು ಮುಗಿದು ಪದರ ಶುರುವಾಗುವ ಜಾಗ. ಗೆರೆ ಅಂಚಿಗೆ ತೀರಾ ಹತ್ತಿರ ಇದ್ದರೆ ಪದರ ತೆಳು, ಹೆಚ್ಚು ವರ್ಷ ಬಾಳುವುದಿಲ್ಲ. ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಮೊದಲ ಅರ್ಧಗೋಳದ ಸಾಕಿದ ಮುತ್ತು ತೆಗೆದರು. ದುಂಡು ಮುತ್ತು 20ನೇ ಶತಮಾನದಲ್ಲಿ ಪೇಟೆಗೆ ಬಂತು. ಅದರ ಹೊಡೆತಕ್ಕೆ ಪರ್ಷಿಯನ್ ಕೊಲ್ಲಿಯಲ್ಲಿ ಮುಳುಗಿ ಮುತ್ತು ತೆಗೆಯುವ ಕಸುಬೇ ನೆಲಕಚ್ಚಿತು. ನಮ್ಮ ಹಿರಿಯರು ಹೇಳುವ ಬಸ್ರಾ ಮುತ್ತು ಆ ಕೊಲ್ಲಿಯದ್ದೇ. ಇವತ್ತು ಅಂಗಡಿಯಲ್ಲಿ ಕಾಣುವ ಕಡಿಮೆ ಬೆಲೆಯ ಮುತ್ತು ಬಹುಪಾಲು ಚೀನಾದ ಸಿಹಿನೀರಿನ ಮಸ್ಸೆಲ್‌ಗಳಲ್ಲಿ ಬೆಳೆದದ್ದು. ಅದರಲ್ಲಿ ಹೆಚ್ಚಿನವಕ್ಕೆ ಒಳಗೆ ಗುಂಡೇ ಇರುವುದಿಲ್ಲ, ಹಾಗಾಗಿ ಗೆರೆಯೂ ಕಾಣುವುದಿಲ್ಲ. ಗೆರೆ ಇಲ್ಲ ಅಂದ ತಕ್ಷಣ ‘ಬಸ್ರಾ ಸಿಕ್ಕಿತು’ ಅಂತ ಕುಣಿಯಬೇಡಿ. ಅದನ್ನು ಎಕ್ಸ್‌ರೇ ಇರುವ ಲ್ಯಾಬ್ ಮಾತ್ರ ಹೇಳಬಲ್ಲದು. ಮುತ್ತು ಮೂರ್ನಾಲ್ಕು ಮಿಲಿಮೀಟರಿನ ಸಣ್ಣದಾಗಿದ್ದು, ಆಕಾರ ಅಷ್ಟು ದುಂಡಗಿಲ್ಲದೆ, ತೂತು ಕೂದಲೆಳೆಯಷ್ಟು ಸಣ್ಣದಾಗಿದ್ದರೆ ಆ ಖರ್ಚು ಮಾಡಬಹುದು. ಮುತ್ತಿನ ತೂಕ ಕಳೆಯಬಾರದು ಅಂತ ಹಳಬರು ತೂತನ್ನು ಬಹಳ ಸಣ್ಣದಾಗಿ ಕೊರೆಯುತ್ತಿದ್ದರು.

ಹಳೆಯ ಮುತ್ತನ್ನು ಪಕ್ಕದಿಂದಲೂ ನೋಡಿ. ಬಹಳ ವರ್ಷ ಕತ್ತಿನ ಮೇಲೇ ಇದ್ದ ಮುತ್ತು ಬೆವರು ತಾಗಿ ತಾಗಿ ನಡುವೆ ಸವೆದು ಸಣ್ಣ ಪೀಪಾಯಿಯ ಆಕಾರಕ್ಕೆ ಬಂದಿರುತ್ತದೆ. ನಿಮ್ಮ ಸರದಲ್ಲಿ ಕತ್ತಿನ ಹಿಂದೆ ಬರುತ್ತಿದ್ದ ಮುತ್ತುಗಳು ಹಾಗಿದ್ದರೆ ಆಶ್ಚರ್ಯ ಬೇಡ. ಅಜ್ಜಿ ಅದನ್ನು ದಿನವೂ ಹಾಕುತ್ತಿದ್ದರು ಅಂತಷ್ಟೇ ಅರ್ಥ.

ತೊಳೆಯುವ ವಿಷಯದಲ್ಲಿ ನಮ್ಮ ಮನೆಗಳ ಅಭ್ಯಾಸವೇ ಮುತ್ತು-ಹವಳಕ್ಕೆ ಶತ್ರು. ಬೆಳ್ಳಿಗೆ ಹುಣಸೆಹಣ್ಣು, ಚಿನ್ನಕ್ಕೆ ಅಂಟುವಾಳದ ನೀರು, ಯಾವುದಕ್ಕೂ ಇರಲಿ ಅಂತ ಟೂತ್‌ಪೇಸ್ಟ್. ಹುಣಸೆಹಣ್ಣು ಮುತ್ತು-ಹವಳವನ್ನು ತಿನ್ನುತ್ತದೆ. ಟೂತ್‌ಪೇಸ್ಟ್‌ನ ಪುಡಿ ಗೀಚುತ್ತದೆ. ಅಂಟುವಾಳದ ನೀರಿನಲ್ಲಿ ನೆನೆಸಿದರೆ ದಾರ ಒದ್ದೆಯಾಗಿ ಕೊಳೆ ತೂತಿನೊಳಕ್ಕೆ ಇಳಿಯುತ್ತದೆ. ಈಗ ಮಣಿಗಳು ಬಿಡಿಯಾಗಿವೆಯಲ್ಲ, ತೊಳೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಒಂದೇ ಹನಿ ಮಗುವಿನ ಶಾಂಪೂ ಹಾಕಿ. ಮೆತ್ತನೆಯ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ. ಚೆನ್ನಾಗಿ ಒಣಗಿಸಿ. ಚಿನ್ನದ ಗುಂಡನ್ನು ನೀರಿಗೆ ಹಾಕಬೇಡಿ. ಟೊಳ್ಳು ಗುಂಡಿನೊಳಗೆ ಆಕಾರ ಕೆಡದಿರಲಿ ಅಂತ ಅರಗು ತುಂಬಿರುತ್ತಾರೆ. ಕೊಡವರ ಜೋಮಾಲೆಯ ಗುಂಡುಗಳೂ ಹೀಗೇ, ಮೇಲೆ ಚಿನ್ನದ ತೆಳು ತಗಡು, ಒಳಗೆ ಅರಗು. ಬಿಸಿ ತಾಗಿದರೆ ಅರಗು ಕರಗಿ ತೂತು ಮುಚ್ಚಿಕೊಳ್ಳುತ್ತದೆ, ಆಮೇಲೆ ಸೂಜಿಯೇ ಹೋಗುವುದಿಲ್ಲ.

ದಾರದ ಪ್ರಶ್ನೆಗೆ ನನ್ನ ಉತ್ತರ ಖಚಿತ: ಮುತ್ತು-ಹವಳಕ್ಕೆ ರೇಷ್ಮೆ, ಪ್ರತಿ ಮಣಿಯ ನಡುವೆ ಗಂಟು. ಉಕ್ಕಿನ ತಂತಿ ಬೇಡ, ಅದು ಸೆಟೆದು ನಿಲ್ಲುತ್ತದೆ. ಸರ ಕತ್ತಿನ ಮೇಲೆ ಇಳಿಬೀಳುವುದಿಲ್ಲ, ಮೆದು ಮಣಿಯ ತೂತೂ ಸವೆಯುತ್ತದೆ. ಮೀನಿನ ಗಾಳದ ನೈಲಾನ್ ದಾರ ಗಟ್ಟಿ ಅಂತ ಬಹಳ ಜನ ಬಳಸುತ್ತಾರೆ. ಅದು ವರ್ಷ ಕಳೆದಂತೆ ಸೆಟೆದುಕೊಂಡು, ಗಂಟು ಜಾರಿ, ಒಂದು ದಿನ ಹೇಳದೆ ಕೇಳದೆ ಕೈಕೊಡುತ್ತದೆ. ಎಲಾಸ್ಟಿಕ್ ಕೈಬಳೆಗೆ ಮಾತ್ರ ಸರಿ, ಅದೂ ಆಗಾಗ ಬದಲಾಯಿಸುವುದಾದರೆ. ಹುರಿ ಹಾಕಿದ ನೈಲಾನ್ ದಾರ ಪರವಾಗಿಲ್ಲ. ನಿಮ್ಮ ಕರಾವಳಿಯ ಬೆವರಿಗೆ ಅದು ರೇಷ್ಮೆಗಿಂತ ಹೆಚ್ಚು ತಾಳುತ್ತದೆ ಅನ್ನುವುದೂ ನಿಜ. ಆದರೂ ಅಜ್ಜಿಯ ಸರಕ್ಕೆ ನಾನಾದರೆ ರೇಷ್ಮೆಯೇ ಹಾಕುತ್ತೇನೆ.

ಸೂಜಿ ಜೋಡಿಸಿಯೇ ಬರುವ ರೇಷ್ಮೆ ದಾರ ಸಣ್ಣ ಕಾರ್ಡಿನ ಮೇಲೆ 2 ಮೀಟರ್ ಸುತ್ತಿ ಸಿಗುತ್ತದೆ. ಅದಕ್ಕೆ ನಂಬರ್ ಇರುತ್ತದೆ. ಸಾಮಾನ್ಯವಾಗಿ 2ನೇ ನಂಬರ್ ಅಂದರೆ 0.45 ಮಿ.ಮೀ. ದಪ್ಪ, 4ನೇ ನಂಬರ್ 0.60 ಮಿ.ಮೀ. ಯಾವ ನಂಬರ್ ಅನ್ನುವುದನ್ನು ಅತಿ ಸಣ್ಣ ತೂತಿನ ಮಣಿ ಹೇಳಬೇಕು. ದಾರ ತೂತನ್ನು ತುಂಬಬೇಕು, ಆದರೆ ಎಳೆದಾಡುವಷ್ಟು ಬಿಗಿ ಇರಬಾರದು. ತೆಳು ದಾರ ಹಾಕಿದರೆ ಗಂಟು ತೂತಿನೊಳಗೇ ಜಾರಿ ಹೋಗುತ್ತದೆ. ಒಂದೆರಡು ಮಣಿಗೆ ಮಾತ್ರ ದಾರ ಹೋಗದಿದ್ದರೆ ಇಡೀ ಸರಕ್ಕೆ ತೆಳು ದಾರ ಹಾಕಬೇಡಿ. ವಜ್ರದ ಪುಡಿ ಅಂಟಿಸಿದ ಸಣ್ಣ ಅರ ಸಿಗುತ್ತದೆ. ಮಣಿಯನ್ನು ನೀರಿನಲ್ಲಿ ಒದ್ದೆ ಮಾಡಿಕೊಂಡು ಅದರಿಂದ ತೂತನ್ನು ಮೆಲ್ಲಗೆ ದೊಡ್ಡದು ಮಾಡಬಹುದು. ಮುತ್ತಿಗೆ ಈ ಕೆಲಸವನ್ನು ಎರಡೂ ಬದಿಯಿಂದ ಮಾಡಿ. ಒಂದೇ ಬದಿಯಿಂದ ತಳ್ಳಿಕೊಂಡು ಹೋದರೆ ಆಚೆ ಬಾಯಿ ಚಕ್ಕೆ ಎದ್ದು ಹೋಗುತ್ತದೆ.

ಗಂಟು ಹಾಕುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಕಾರ್ಡಿನ ದಾರವನ್ನು ಪೂರ್ತಿ ಬಿಚ್ಚಿ ಮೊದಲು ಚೆನ್ನಾಗಿ ಎಳೆದು ಮಡಿಕೆ ತೆಗೆಯಿರಿ. ರೇಷ್ಮೆ ಆಮೇಲೂ ಸ್ವಲ್ಪ ಹಿಗ್ಗುತ್ತದೆ, ಅದನ್ನು ಮೊದಲೇ ಹಿಗ್ಗಿಸಿಬಿಡುವುದು ಒಳ್ಳೆಯದು. ಮಣಿ ಪೋಣಿಸಿ. ಎಡಗೈಯ ಎರಡು ಬೆರಳಿನ ಸುತ್ತ ದಾರ ಸುತ್ತಿ, ಮಣಿಯನ್ನು ಆ ಕುಣಿಕೆಯೊಳಗಿಂದ ಕೆಳಕ್ಕೆ ಬಿಡಿ. ಸಡಿಲ ಗಂಟು ಬೀಳುತ್ತದೆ. ತಕ್ಷಣ ಬಿಗಿಯಬೇಡಿ. ಗಂಟಿನ ಹೊಟ್ಟೆಯೊಳಗೆ ಒಂದು ದಪ್ಪ ಸೂಜಿ ತೂರಿಸಿ, ಆ ಸೂಜಿಯಿಂದಲೇ ಗಂಟನ್ನು ತಳ್ಳಿಕೊಂಡು ಮಣಿಯ ಬಾಯಿಗೆ ತನ್ನಿ. ಗಂಟು ಮಣಿಗೆ ತಾಗಿದ ಮೇಲೆ ದಾರವನ್ನು ಎಳೆಯುತ್ತಾ ಸೂಜಿಯನ್ನು ಮೆಲ್ಲಗೆ ಜಾರಿಸಿ ತೆಗೆಯಿರಿ. ಕೊನೆಗೆ ಹೆಬ್ಬೆರಳ ಉಗುರಿನಿಂದ ಗಂಟನ್ನು ಮಣಿಯ ಕಡೆಗೆ ಒಮ್ಮೆ ಒತ್ತಿ. ಸರಿಯಾಗಿ ಕೂತಿದ್ದರೆ ಮಣಿ ತಿರುಗುತ್ತದೆ, ಆದರೆ ಸರಿಯುವುದಿಲ್ಲ. ಮಣಿ ಮತ್ತು ಗಂಟಿನ ನಡುವೆ ಬಿಳಿ ದಾರ ಇಣುಕಿದರೆ ಆ ಗಂಟು ಸೋತಿದೆ. ಬಿಚ್ಚಿ ಮತ್ತೆ ಹಾಕಬೇಕು. ಮೊದಲ ಹತ್ತು ಗಂಟು ಕೆಟ್ಟದಾಗಿಯೇ ಬರುತ್ತವೆ. ಹಾಗಾಗಿ ಅಜ್ಜಿಯ ಮಣಿ ಮುಟ್ಟುವ ಮುಂಚೆ ಯಾವುದಾದರೂ ಅಗ್ಗದ ಗಾಜಿನ ಮಣಿಯ ಮೇಲೆ ಕೈ ಕುದುರಿಸಿಕೊಳ್ಳಿ.

ಕೊಂಡಿಯ ಹತ್ತಿರ ದಾರ ನೇರವಾಗಿ ಲೋಹಕ್ಕೆ ಉಜ್ಜಬಾರದು. ಅಲ್ಲಿಗೆ ಸಣ್ಣ ಸುರುಳಿ ತಂತಿಯ ತುಂಡು ಹಾಕುತ್ತಾರೆ. ಬಿಗಿಯಾಗಿ ಸುತ್ತಿದ ಸ್ಪ್ರಿಂಗಿನ ಹಾಗಿರುತ್ತದೆ, ಅಂಗಡಿಯಲ್ಲಿ ಫ್ರೆಂಚ್ ವೈರ್ ಅಂತ ಕೇಳಿ. ದಾರ ಅದರೊಳಗೆ ಹೋಗಿ, ಕೊಂಡಿಯ ಬಳೆ ದಾಟಿ, ವಾಪಸ್ ಕೊನೆಯ ಮಣಿಯೊಳಗೇ ಬರುತ್ತದೆ. ಹಾಗಾಗಿ ಎರಡೂ ತುದಿಯ ಮೂರು ಮೂರು ಮಣಿಯ ತೂತಲ್ಲಿ ದಾರ ಎರಡು ಸಲ ಹೋಗುವಷ್ಟು ಜಾಗ ಇರಲಿ. ಕೊಂಡಿಯೇ ಬೇಡ, ಹಳೆಯ ರೀತಿಯ ಕುಚ್ಚು ಮತ್ತು ಎಳೆದು ಬಿಗಿಮಾಡುವ ದಾರ ಬೇಕು ಅಂದರೆ ಅದು ಬೇರೆಯೇ ಕಸುಬು. ಉತ್ತರ ಕರ್ನಾಟಕದ ಕಡೆ ರೇಷ್ಮೆ ಹುರಿ, ಕುಚ್ಚು ಮಾಡುವವರನ್ನು ಪಟವೇಗಾರರು ಅನ್ನುತ್ತಿದ್ದರು. ಈಗಲೂ ಹಳೆಯ ಚಿನಿವಾರ ಪೇಟೆಗಳಲ್ಲಿ ಸರ ಪೋಣಿಸುವುದನ್ನೇ ಮಾಡುವ ಒಬ್ಬಿಬ್ಬರು ಅಂಗಡಿ ಕಟ್ಟೆಯ ಮೇಲೆ ಕೂತಿರುತ್ತಾರೆ. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಅವರು ಹುರಿ ಹಾಕುವ ವೇಗ ನೋಡಿದರೆ ಯಂತ್ರ ಏಕೆ ಬೇಕು ಅನ್ನಿಸುತ್ತದೆ. ಅವರ ಹತ್ತಿರ ಮಾಡಿಸುವುದಾದರೆ ಮಣಿ ಕೊಡುವಾಗ ಅವರ ಮುಂದೆಯೇ ಎಣಿಸಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅವರಿಗೂ ನಿಮಗೂ ಒಳ್ಳೆಯದು.

ಕಳೆದುಹೋದ ಎಂಟು ಹವಳಕ್ಕೆ ಪರಿಹಾರವೂ ಗಂಟಿನಲ್ಲೇ ಇದೆ. ಹಳೆಯ ಸರದಲ್ಲಿ ಗಂಟು ಇರಲಿಲ್ಲ ಅಂತ ಕಾಣುತ್ತದೆ. ಇದ್ದಿದ್ದರೆ ಎಲ್ಲ ಒಟ್ಟಿಗೆ ಚೆಲ್ಲುತ್ತಿರಲಿಲ್ಲ, ಒಂದೆರಡು ಮಣಿ ಬಿದ್ದು ಮುಗಿಯುತ್ತಿತ್ತು. ಹವಳ 5 ಮಿ.ಮೀ. ಅಂತ ಹಿಡಿದರೆ ಎಂಟು ಹವಳಕ್ಕೆ ಹೋದ ಉದ್ದ 4 ಸೆಂ.ಮೀ. ಉಳಿದ ಎಂಬತ್ತು ಮಣಿಯ ನಡುವೆ ಬೀಳುವ ಒಂದೊಂದು ಗಂಟಿಗೆ ಮುಕ್ಕಾಲು ಮಿಲಿಮೀಟರ್ ಹಿಡಿದರೂ ಸುಮಾರು 6 ಸೆಂ.ಮೀ. ಆಯಿತು. ಅಂದರೆ ಒಂದೂ ಹೊಸ ಹವಳ ಇಲ್ಲದೆ ಸರ ಮೊದಲಿನಷ್ಟೇ ಉದ್ದ, ಅಲ್ಲ, ಒಂದಿಷ್ಟು ಜಾಸ್ತಿಯೇ ಬರುತ್ತದೆ! ಜೋಡಣೆ ಕೆಡುತ್ತದಲ್ಲ ಅಂತ ಕೇಳಬಹುದು. ಜಡೆಯ ಕೆಳಗೆ ಬರುವ ಭಾಗದಲ್ಲಿ ಬರೀ ಮುತ್ತು ಹಾಕಿ, ಹವಳವನ್ನೆಲ್ಲ ಮುಂದಕ್ಕೆ ತನ್ನಿ. ಆ ಸವೆದ ಪೀಪಾಯಿ ಮುತ್ತುಗಳಿಗೂ ಅಲ್ಲೇ ಜಾಗ. ಬಣ್ಣ ಹಾಕಿದ ಹವಳವನ್ನು ಮಾತ್ರ ಈ ಸರಕ್ಕೆ ಸೇರಿಸಬೇಡಿ. ಪಕ್ಕದ ಮುತ್ತಿಗೂ ರೇಷ್ಮೆಗೂ ಅದರ ಕೆಂಪು ಇಳಿದರೆ ಆಮೇಲೆ ತೆಗೆಯಲು ಬರುವುದಿಲ್ಲ.

ಇನ್ನು ನಿಮ್ಮ ಹೊಸ ಆಸೆ. ಮಾರುವುದಕ್ಕೆ ಅಂತ ಶುರು ಮಾಡುವವರಿಗೆ ನಾನು ಸ್ಫಟಿಕದ, ಅಂದರೆ ಕ್ವಾರ್ಟ್ಜ್ ಕಲ್ಲುಗಳ ಬಳಗ ಹೇಳುತ್ತೇನೆ. ಅಮೆಥಿಸ್ಟ್, ರೋಸ್ ಕ್ವಾರ್ಟ್ಜ್, ಟೈಗರ್ ಐ, ಅಗೇಟ್, ಕಾರ್ನೇಲಿಯನ್ ಎಲ್ಲ ಒಂದೇ ಕುಟುಂಬ. 1ರಿಂದ 10ರವರೆಗಿನ ಮೊಹ್ಸ್ ಗಡಸುತನದ ಅಳತೆಯಲ್ಲಿ ಇವು 7ರ ಆಸುಪಾಸು. ನಮ್ಮ ರಸ್ತೆಯ ಧೂಳಿನಲ್ಲೂ ಇರುವುದು ಹೆಚ್ಚಾಗಿ ಇದೇ ಸ್ಫಟಿಕದ ಪುಡಿ. ಅದಕ್ಕಿಂತ ಮೆತ್ತಗಿನ ಕಲ್ಲನ್ನು ದಿನಾ ಹಾಕಿ ಒರೆಸುತ್ತಾ ಹೋದರೆ ಧೂಳೇ ಅದರ ಹೊಳಪನ್ನು ತಿನ್ನುತ್ತದೆ. ನೀಲಿ ಕಲ್ಲು ಲ್ಯಾಪಿಸ್ 5ರಿಂದ 5.5, ಹಸಿರು ಕಲ್ಲು ಮ್ಯಾಲಕೈಟ್ 3.5ರಿಂದ 4, ಹವಳ 3ರಿಂದ 4, ಮುತ್ತು 2.5ರಿಂದ 4.5. ಇವು ಚಂದ ಇವೆ, ಆದರೆ ಹೊಸ ಗಿರಾಕಿಯಿಂದ ಮೊದಲ ದೂರು ಬರುವುದೂ ಇವುಗಳಿಂದಲೇ. ಅಮೆಥಿಸ್ಟ್ ಮತ್ತು ರೋಸ್ ಕ್ವಾರ್ಟ್ಜ್ ಅನ್ನು ಬಿಸಿಲಿಗೆ ಹೊಡೆಯುವ ಕಿಟಕಿಯ ಪಕ್ಕ ತೂಗುಹಾಕಬೇಡಿ, ಬಣ್ಣ ಮಾಸುತ್ತದೆ.

ಸ್ಫಟಿಕದ ಬಳಗಕ್ಕೆ ನಮ್ಮ ದೇಶದ ಹಳೆಯ ಊರು ಗುಜರಾತಿನ ಖಂಭಾತ್. ರತನ್‌ಪುರ ಕಡೆಯ ಗಣಿಯಿಂದ ಬರುವ ಮಂಕು ಕಂದು ಅಗೇಟ್ ಕಲ್ಲನ್ನು ಅಲ್ಲಿ ಮಡಕೆಯಲ್ಲಿಟ್ಟು ನಿಧಾನವಾಗಿ ಬೇಯಿಸುತ್ತಾರೆ. ಒಳಗಿರುವ ಕಬ್ಬಿಣದ ಅಂಶ ಬಿಸಿಗೆ ಕೆಂಪಾಗುತ್ತದೆ, ಕಲ್ಲು ಕಾರ್ನೇಲಿಯನ್ ಆಗುತ್ತದೆ. ಹೀಗೆ ಕೆಂಪಾಗಿಸುವ ವಿದ್ಯೆ ಹರಪ್ಪ ಕಾಲದಷ್ಟು ಹಳೆಯದು. ಚನ್ಹುದಾರೊ, ಧೋಲಾವೀರಗಳಲ್ಲಿ ಮಣಿ ಕೊರೆಯಲು ಬಳಸುತ್ತಿದ್ದ ವಿಶೇಷ ಕಲ್ಲಿನ ಕೊರೆಸೂಜಿಗಳು ಸಿಕ್ಕಿವೆ. ಅಲ್ಲಿನ ಉದ್ದನೆಯ ಕಾರ್ನೇಲಿಯನ್ ಮಣಿಗಳು ಇರಾಕಿನ ಊರ್ ನಗರದ ರಾಜಸಮಾಧಿಗಳವರೆಗೂ ಹೋಗಿವೆ. ಪುರಾತತ್ವಜ್ಞ ಜೊನಾಥನ್ ಮಾರ್ಕ್ ಕೆನೊಯರ್ ಖಂಭಾತಿನ ಕೆಲಸಗಾರರ ಜೊತೆ ಕೂತು ಈ ಹಳೆಯ ವಿಧಾನಗಳನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಒಂದು ಉದ್ದ ಮಣಿಗೆ ತೂತು ಕೊರೆಯಲು ದಿನಗಟ್ಟಲೆ ಬೇಕಾಗುತ್ತಿತ್ತು ಅನ್ನುವುದು ಹೀಗೆ ಗೊತ್ತಾಯಿತು. ಇಡೀ ಮಣಿಯಲ್ಲಿ ಅತಿ ಕಷ್ಟದ ಕೆಲಸ ಅದರ ತೂತು. ಇವತ್ತಿಗೂ ಅಗ್ಗದ ಮಣಿಯಲ್ಲಿ ಉಳಿತಾಯ ಮಾಡುವುದು ಅಲ್ಲೇ.

ಆದ್ದರಿಂದ ಎಳೆ ಕೊಳ್ಳುವಾಗ ಹೀಗೆ ನೋಡಿ. ಕಲ್ಲಿನ ಮಣಿ ಸಾಮಾನ್ಯವಾಗಿ 16 ಇಂಚಿನ, ಅಂದರೆ ಸುಮಾರು 40 ಸೆಂ.ಮೀ. ಎಳೆಯಾಗಿ ಸಿಗುತ್ತದೆ. 8 ಮಿ.ಮೀ. ಮಣಿಯಾದರೆ ಎಳೆಗೆ 50, 6 ಮಿ.ಮೀ. ಆದರೆ 65ರ ಹತ್ತಿರ, 4 ಮಿ.ಮೀ. ಆದರೆ 100. ಎಳೆಯನ್ನು ಎರಡೂ ತುದಿ ಹಿಡಿದು ಬಿಗಿಯಾಗಿ ಎಳೆದು ಮೇಜಿನ ಮೇಲೆ ಉರುಳಿಸಿ. ತೂತು ನಡುವೆ ಇಲ್ಲದ ಮಣಿ ಕುಂಟುತ್ತದೆ, ಕಣ್ಣಿಗೆ ತಕ್ಷಣ ಬೀಳುತ್ತದೆ. ಎರಡೂ ಬದಿಯಿಂದ ಕೊರೆದು ನಡುವೆ ಸರಿಯಾಗಿ ಕೂಡದ ತೂತಿನೊಳಗೆ ಒಂದು ಮೆಟ್ಟಿಲು ಉಳಿದಿರುತ್ತದೆ. ಸೂಜಿ ಹಾಕಿದರೆ ತಡೆಯುತ್ತದೆ. ಅಂಥ ಎಳೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ. ಗಡಸು ಕಲ್ಲಿನ ಭಾರದ ಸರಕ್ಕೆ ರೇಷ್ಮೆ ಬದಲು ನೈಲಾನ್ ಹೊದಿಸಿದ ಉಕ್ಕಿನ ಎಳೆತಂತಿ ಒಳ್ಳೆಯದು. 7, 19, 49 ಎಳೆಯದ್ದು ಸಿಗುತ್ತದೆ. ಎಳೆ ಹೆಚ್ಚಿದಷ್ಟೂ ತಂತಿ ಮೆದು, ಬೆಲೆಯೂ ಜಾಸ್ತಿ. 19ರದ್ದು ಸಾಕು.

ಹೆಸರುಗಳ ವಿಷಯದಲ್ಲಿ ಹುಷಾರಾಗಿರಿ. ‘ಹೈಡ್ರೊ’ ಅಂದರೆ ಗಾಜು. ಓಪಲೈಟ್ ಗಾಜು. ಮಿರಿಮಿರಿ ಮಿನುಗುವ ಗೋಲ್ಡ್‌ಸ್ಟೋನ್ ಗಾಜು. ‘ಮಲೇಷಿಯಾ ಜೇಡ್’ ಬಣ್ಣ ಹಾಕಿದ ಸ್ಫಟಿಕ ಶಿಲೆ, ಜೇಡ್ ಅಲ್ಲವೇ ಅಲ್ಲ. ಅಗ್ಗದ ಟರ್ಕಾಯ್ಸ್ ಹೆಚ್ಚಾಗಿ ನೀಲಿ ಬಣ್ಣ ಕುಡಿದ ಹೌಲೈಟ್ ಅನ್ನುವ ಬಿಳಿ ಕಲ್ಲು. ತೂತಿನೊಳಗೆ ನೋಡಿ, ಬಿಳಿ ಕಾಣುತ್ತದೆ. ಕಪ್ಪು ಓನಿಕ್ಸ್ ಕೂಡ ಬಹುಪಾಲು ಬಣ್ಣ ಬರಿಸಿದ್ದೇ. ಅಗೇಟ್ ಕಲ್ಲನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಆಮೇಲೆ ಗಂಧಕಾಮ್ಲದಲ್ಲಿ ಇಡುತ್ತಾರೆ. ಒಳಗೆ ಹೊಕ್ಕ ಸಕ್ಕರೆ ಸುಟ್ಟು ಇದ್ದಿಲಾಗಿ ಕಲ್ಲು ಕಪ್ಪಾಗುತ್ತದೆ. ಆ ಬಣ್ಣ ಬಿಡುವುದಿಲ್ಲ, ಹಾಗಾಗಿ ಅದರ ಮೇಲೆ ನನಗೆ ತಕರಾರಿಲ್ಲ. ತಕರಾರು ಇರುವುದು ಕೆಂಪಿನ, ಅಂದರೆ ಮಾಣಿಕ್ಯದ ಮಣಿಗಳ ಮೇಲೆ. ಮೈಸೂರು ಸೀಮೆಯ ಮಾಣಿಕ್ಯ ಬಹುಪಾಲು ಮಂಕು, ಬೆಳಕು ಹಾಯದ ಕಲ್ಲು. ಅದು ಹಾಗೇ ಚಂದ, ನನಗೆ ಇಷ್ಟ ಕೂಡ. ಆದರೆ ಪೇಟೆಯಲ್ಲಿ ಸೋವಿ ಬೆಲೆಗೆ ಫಳಫಳ ಕೆಂಪಿನ ಎಳೆ ಕಂಡರೆ ಒಂದೋ ಬಣ್ಣ, ಇಲ್ಲವೋ ಬಿರುಕುಗಳಿಗೆ ಸೀಸದ ಗಾಜು ತುಂಬಿದ್ದು. ಸೀಸದ ಗಾಜಿಗೆ ನಿಂಬೆರಸ ತಾಗಿದರೂ ಅದು ಕೆಡುತ್ತದೆ. ಪಚ್ಚೆಗೆ ಎಣ್ಣೆ ಕುಡಿಸುವುದು ಹಳೆಯ ಪದ್ಧತಿ, ಎಲ್ಲರೂ ಒಪ್ಪಿಕೊಂಡದ್ದು. ಬಣ್ಣದ ಎಣ್ಣೆ ಕುಡಿಸಿ ಬಣ್ಣವನ್ನೇ ಹೆಚ್ಚಿಸುವುದು ಮಾತ್ರ ಮೋಸ.

ಗಾಜನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಗಾಜು ಅಂತ ಹೇಳಿ ಮಾರುವ ಗಾಜು ಒಳ್ಳೆಯ ಸರಕು. ನಮ್ಮ ತಾಳಿಯ ಕರಿಮಣಿಯೇ ಗಾಜು ಅಲ್ವಾ? ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ಕುಲುಮೆಯಿಂದ ಗಾಜಿನ ಕೊಳವೆ ಎಳೆದು ಸಣ್ಣ ಮಣಿ ಮಾಡುವ ಹಳೆಯ ಪದ್ಧತಿ ಇತ್ತೀಚಿನವರೆಗೂ ಉಳಿದುಬಂದಿತ್ತು. ಪುದುಚೇರಿ ಪಕ್ಕದ ಅರಿಕಮೇಡುವಿನಲ್ಲಿ ಸಿಕ್ಕ ಪ್ರಾಚೀನ ಮಣಿಗಳೂ ಇದೇ ರೀತಿಯವು. ಉತ್ತರ ಪ್ರದೇಶದ ಪುರ್ದಿಲ್‌ನಗರ, ಜೆಕ್ ದೇಶದ ಯಾಬ್ಲೊನೆಟ್ಸ್ ಕೂಡ ಗಾಜಿನ ಮಣಿಗೆ ಹೆಸರುವಾಸಿ. ಸಣ್ಣ ಮಣಿಯ ನೇಯ್ಗೆ ಕಲಿಯುವುದಾದರೆ ಜಪಾನಿನ ಮಿಯುಕಿ, ತೊಹೊ ಮಣಿಗಳಿಗೆ ಸ್ವಲ್ಪ ಹೆಚ್ಚು ಕೊಡಿ. ಅಳತೆ ಒಂದೇ ಸಮ ಇರುತ್ತದೆ, ತೂತು ದೊಡ್ಡದು. 11ನೇ ಸೈಜ್ ಅಂದರೆ ಸುಮಾರು 2 ಮಿ.ಮೀ., 8 ಅಂದರೆ 3 ಮಿ.ಮೀ. ನಂಬರ್ ಹೆಚ್ಚಿದಷ್ಟೂ ಮಣಿ ಸಣ್ಣದು.

ಕೊಳ್ಳುವುದಕ್ಕೆ ಬೆಂಗಳೂರಿಗೆ ಬಂದಾಗ ಚಿಕ್ಕಪೇಟೆ, ಅವೆನ್ಯೂ ರೋಡ್ ಸುತ್ತಲಿನ ಅಂಗಡಿಗಳಲ್ಲಿ ಅರ್ಧ ದಿನ ಕಳೆಯಿರಿ. ಮೊದಲ ಸಲಕ್ಕೆ ಆನ್‌ಲೈನ್ ಬೇಡ, ಕೈಯಲ್ಲಿ ಹಿಡಿದು ಕಲಿಯಿರಿ. ಐದಾರು ಬಗೆಯ ಕಲ್ಲು, ಬಗೆಗೆ ಎರಡೇ ಎಳೆ. ಜೈಪುರಕ್ಕೆ ಹೋಗುವ ಯೋಚನೆ ಆಮೇಲೆ ಮಾಡಿ. ಅಲ್ಲಿ ಬೆಲೆ ಕಡಿಮೆ, ಆದರೆ ಲಾಟ್ ಲೆಕ್ಕದಲ್ಲಿ ಕೊಳ್ಳಬೇಕಾಗುತ್ತದೆ. ಕಣ್ಣು ಪಳಗಿರದಿದ್ದರೆ ಲಾಟಿನ ಅರ್ಧ ಮನೆಯಲ್ಲೇ ಉಳಿಯುತ್ತದೆ.

ಬೆಲೆ ಕಟ್ಟುವಾಗ ಬಹಳ ಜನ ಮಣಿಯ ದುಡ್ಡು ಎರಡರಷ್ಟು ಮಾಡಿ ಸುಮ್ಮನಾಗುತ್ತಾರೆ. ಗಂಟು ಹಾಕಿದ ಸರಕ್ಕೆ ಈ ಲೆಕ್ಕ ಸುಮ್ನೆ ನಷ್ಟ. 4 ಮಿ.ಮೀ. ಮಣಿಯ ಎಳೆಗೆ ನೂರು ಗಂಟು, 8 ಮಿ.ಮೀ. ಎಳೆಗೆ ಅದರ ಅರ್ಧ. ಮಣಿಯ ಬೆಲೆ ಒಂದೇ ಇದ್ದರೂ ನಿಮ್ಮ ಕೂಲಿ ಒಂದೇ ಅಲ್ಲ. ಮಣಿ, ಕೊಂಡಿ, ದಾರ ಬೇರೆ ಬರೆಯಿರಿ. ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಬೇರೆ ಬರೆಯಿರಿ. ರೇಷ್ಮೆಯ ಸರವನ್ನು ದಿನಾ ಹಾಕುವವರಾದರೆ ವರ್ಷಕ್ಕೊಮ್ಮೆ, ಅಪರೂಪಕ್ಕೆ ಹಾಕುವವರಾದರೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಪೋಣಿಸಬೇಕು. ಆ ಕೂಲಿ ಎಷ್ಟು ಅಂತ ಮಾರುವಾಗಲೇ ಹೇಳಿಬಿಡಿ. ಗಿರಾಕಿ ವಾಪಸ್ ಬರುವುದು ಹೆಚ್ಚಾಗಿ ಆ ಕೆಲಸಕ್ಕೇ.

ಪ್ರತಿ ಸರದ ಜೊತೆ ಒಂದು ಸಣ್ಣ ಚೀಟಿ ಇಡಿ. ಕಲ್ಲಿನ ಹೆಸರು, ಬಣ್ಣ ಹಾಕಿದ್ದೋ ಬೇಯಿಸಿದ್ದೋ, ಯಾವ ದಾರ, ಹೇಗೆ ಒರೆಸಬೇಕು. ಲ್ಯಾಬ್ ಸರ್ಟಿಫಿಕೇಟ್ ಇಂಥ ಸರಗಳಿಗೆ ಬೇಡ, ಅದರ ಖರ್ಚೇ ಅಮೆಥಿಸ್ಟ್ ಎಳೆಯ ಬೆಲೆ ಮೀರಬಹುದು. ಅದನ್ನು ಅಸಲಿ ಮಾಣಿಕ್ಯ, ಪಚ್ಚೆ, ನೈಸರ್ಗಿಕ ಮುತ್ತಿಗೆ ಉಳಿಸಿಕೊಳ್ಳಿ. ಮಾರಿದವರೇ ಕೊಡುವ ಲ್ಯಾಮಿನೇಟ್ ಕಾರ್ಡನ್ನು ಸರ್ಟಿಫಿಕೇಟ್ ಅಂತ ಲೆಕ್ಕಕ್ಕೆ ಇಡಬೇಡಿ. ಲ್ಯಾಬ್‌ನವರು ಕೊಡುವ ವರದಿಗೆ ನಂಬರ್ ಇರುತ್ತದೆ, ಆ ನಂಬರನ್ನು ಲ್ಯಾಬ್‌ನಲ್ಲೇ ವಿಚಾರಿಸಿ ಖಾತ್ರಿ ಮಾಡಿಕೊಳ್ಳಬಹುದು. ಇಡೀ ಎಳೆಯನ್ನು ಪರೀಕ್ಷೆಗೆ ಕೊಟ್ಟರೆ ಎಲ್ಲ ಮಣಿಯನ್ನೂ ನೋಡಿದ್ದಾರೋ ಕೆಲವನ್ನು ಮಾತ್ರವೋ ಅನ್ನುವುದನ್ನೂ ವರದಿಯಲ್ಲಿ ಓದಿ ನೋಡಿ.